ಮಬೇಲಾ ಮುತ್ತಿಗೆಯ ಇಪ್ಪತ್ತನಾಲ್ಕು ಬಿಲ್ಲೆಗಳು

1646ರ ಮೇ ತಿಂಗಳಲ್ಲಿ, ಸುಮಾರು ಆರು ತಿಂಗಳ ಮುತ್ತಿಗೆಯ ನಂತರ, ಇಂಗ್ಲೆಂಡಿನ ನ್ಯೂಅರ್ಕ್ ಪಟ್ಟಣ ಶರಣಾಯಿತು. ಅಷ್ಟು ಹೊತ್ತಿಗೆ ಊರಿನ ಬೆಳ್ಳಿ ತಟ್ಟೆಗಳಲ್ಲಿ ಒಂದಷ್ಟು ನಾಣ್ಯಗಳಾಗಿ ಸೈನಿಕರ ಜೇಬು ಸೇರಿದ್ದವು.

ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ನಡೆಯುತ್ತಿತ್ತು. ಊರು ರಾಜನ ಕಡೆ. ಸುತ್ತ ಶತ್ರು ಸೈನ್ಯ, ಒಳಗೆ ಸಂಬಳ ಕೇಳುವ ಸಿಪಾಯಿಗಳು. ಟಂಕಸಾಲೆ ಇಲ್ಲ. ಹಾಗಾಗಿ ಶ್ರೀಮಂತರ ಮನೆಯ ಬೆಳ್ಳಿ ತಟ್ಟೆಗಳನ್ನು ತರಿಸಿ, ನಾವು ಕೊಬ್ಬರಿ ಮಿಠಾಯಿ ಕತ್ತರಿಸುವ ಹಾಗೆ ಓರೆಯಾಗಿ ಕತ್ತರಿಸಿದರು. ಒಂದು ಬದಿಗೆ ಕಿರೀಟ, ಇನ್ನೊಂದು ಬದಿಗೆ ಊರಿನ ಹೆಸರು ಮತ್ತು ಇಸವಿ ಒತ್ತಿದರು. ತುರ್ತು ಕೆಲಸ. ನಯಗೊಳಿಸಲು ಪುರುಸೊತ್ತಿರಲಿಲ್ಲ. ಇವತ್ತಿಗೂ ಅಂಥ ಕೆಲವು ನಾಣ್ಯಗಳ ಮೇಲೆ ಹಳೆಯ ತಟ್ಟೆಯ ಗುರುತಿನ ಚೂರು ಹಾಗೇ ಉಳಿದಿದೆಯಂತೆ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ, ಕೇಳದಿದ್ದರೂ ಹೇಳುತ್ತೇನೆ. ನಾನು ಇತಿಹಾಸ ಓದಿದವನಲ್ಲ. ಮೊದಲು ಮೈಸೂರಿನಲ್ಲಿ, ಆಮೇಲೆ ಮಸ್ಕತ್ತಿನಲ್ಲಿ, ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದ ವಾಕ್ಯಗಳ ಬಾಲ ಕತ್ತರಿಸುತ್ತಾ ವಯಸ್ಸು ಕಳೆದವನು. ನನ್ನ ಪಾಲಿಗೆ ಇತಿಹಾಸ ಎಂದರೆ ಪುಟದ ಮೂಲೆಯಲ್ಲಿ ಉಳಿದ ಜಾಗಕ್ಕೆ ತುಂಬುವ ನಾಲ್ಕು ಸಾಲು.

ಮೊನ್ನೆ ಮಸ್ಕತ್ತಿನ ಅಲ್ ಮಬೇಲಾದ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಮೊಸರು ತೆಗೆದುಕೊಂಡೆ. ಇಲ್ಲಿನ ಪೈಸೆಯಾದ ಬೈಸಾ ಚಿಲ್ಲರೆ ಇಲ್ಲವೆಂದು ಕ್ಯಾಷಿಯರ್ ಹುಡುಗಿ ಎರಡು ಚೂಯಿಂಗ್ ಗಮ್ ಕೈಗಿಟ್ಟಳು. ನನ್ನ ಹಲ್ಲಿನ ಪರಿಸ್ಥಿತಿಯಲ್ಲಿ ಅದು ಚಲಾವಣೆಯಾಗದ ನಾಣ್ಯ. ಹಾಗೇ ಹಿಡಿದುಕೊಂಡು ಬಂದೆ. ದಾರಿಯುದ್ದಕ್ಕೂ ನ್ಯೂಅರ್ಕ್ ನೆನಪಾಯಿತು, ನ್ಯೂಅರ್ಕಿನ ಹಿಂದೆಯೇ ಗುರುರಾಜ ನೆನಪಾದ.

ಅದಕ್ಕೂ ಮೊದಲು ಐದು ಪೈಸೆಯ ಮಾತು. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ನೆನಪಿರಬೇಕು: ಚೌಕದ, ಮೂಲೆ ಸವೆಸಿದ, ಊದಿದರೆ ಹಾರುವಂಥ ಅಲ್ಯುಮಿನಿಯಂ ನಾಣ್ಯ. ಒಂದು ಮೂಲೆ ಮೇಲೆ ಮಾಡಿ ಹಿಡಿದರೆ ಥೇಟ್ ಕೊಬ್ಬರಿ ಮಿಠಾಯಿ. ಅದನ್ನು ಚಾಮರಾಜಪುರಂ ಸ್ಟೇಷನ್ ಹತ್ತಿರ ರೈಲು ಹಳಿಯ ಮೇಲಿಟ್ಟು, ನಂಜನಗೂಡಿನ ಗಾಡಿ ಹೋದಮೇಲೆ ತೆಗೆದರೆ ಕಾಗದದಷ್ಟು ತೆಳ್ಳಗಾಗಿ ಎರಡರಷ್ಟು ಅಗಲವಾಗುತ್ತಿತ್ತು. ಅಗಲವಾದ್ದರಿಂದ ಬೆಲೆಯೂ ಹೆಚ್ಚಿರಬೇಕು ಎಂಬ ತರ್ಕದ ಮೇಲೆ ಅದನ್ನು ಹತ್ತು ಪೈಸೆ ಎಂದು ನಡೆಸಲು ಶೆಟ್ಟರ ಅಂಗಡಿಗೆ ಹೋಗಿದ್ದೆ. ಶೆಟ್ಟರು ಕನ್ನಡಕ ಏರಿಸಿ ನೋಡಿ, "ಮರಿ, ಇದನ್ನ ನಿಮ್ಮಪ್ಪನಿಗೆ ಕೊಟ್ಟು ಇಸ್ತ್ರಿ ಮಾಡಿಸಿಕೊಂಡು ಬಾ" ಎಂದಿದ್ದರು. ಲೋಹದ ವಿಷಯದಲ್ಲಿ ನನ್ನ ಮೊದಲ ತಪ್ಪು ಅದು. ಎರಡನೆಯದಕ್ಕೆ ಈಗ ಬರುತ್ತೇನೆ.

ಗುರುರಾಜ ಧಾರವಾಡದವನು. ಮಸ್ಕತ್ತಿನಿಂದ ಎರಡು ಗಂಟೆ ದೂರದ ಸೊಹಾರಿನ ಕಾರ್ಖಾನೆಯೊಂದರಲ್ಲಿ ಅಲ್ಯುಮಿನಿಯಂ ಕರಗಿಸುವ ವಿಭಾಗದಲ್ಲಿ ಎಂಜಿನಿಯರ್. ಅವನು ಓದಿದ್ದೇ ಲೋಹಶಾಸ್ತ್ರ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಳೆಯ ನಾಣ್ಯಗಳ ಹುಚ್ಚು. ಸಂಬಳ ಎಂಜಿನಿಯರಿನದು, ಆಸೆ ಮ್ಯೂಸಿಯಮ್ಮಿನದು. ಮುತ್ತಿಗೆ ನಾಣ್ಯ ಒಂದನ್ನು ಕೊಳ್ಳಬೇಕೆಂದು ವರ್ಷಗಟ್ಟಲೆ ಹರಾಜಿನ ಚಿತ್ರಗಳನ್ನು ನೋಡುತ್ತಿದ್ದ. ಹೆಂಡತಿ ಸುಧಾ ಒಂದು ದಿನ ಅವನ ಫೋನಿಗೆ ಬಗ್ಗಿ ಬೆಲೆ ನೋಡಿ, "ಒಂದು ತುಂಡು ಬೆಳ್ಳಿಗೆ ಇಷ್ಟು ಕೊಡೋದಾದ್ರ ಆ ಊರವ್ರು ಸೋತದ್ದ ಛಲೋ ಆತು" ಎಂದಿದ್ದಳು. ಅಲ್ಲಿಗೆ ಕೊಳ್ಳುವ ಮಾತು ಖಲಾಸ್.

ಮಸ್ಕತ್ತಿನ ರೂವಿಯಿಂದ ಸೊಹಾರ್‌ವರೆಗೆ ಹಂಚಿಹೋಗಿರುವ ನಾವು ಇಪ್ಪತ್ತನಾಲ್ಕು ಕನ್ನಡದ ಮನೆಯವರು ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನ ಸೇರುತ್ತೇವೆ. ಎಲ್ಲರೂ ಒಂದೊಂದು ಅಡುಗೆ ತರುವುದು, ಒಬ್ಬರು ತಮಗೆ ಗೊತ್ತಿರುವ ವಿಷಯದ ಮೇಲೆ ಅರ್ಧ ಗಂಟೆ ಮಾತಾಡುವುದು, ಮಿಕ್ಕವರು ಊಟ ಯಾವಾಗ ಎಂದು ಯೋಚಿಸುವುದು. ನಡೆದದ್ದನ್ನು ಬರೆದು ಗುಂಪಿನ ವಾಟ್ಸಾಪಿಗೆ ಹಾಕುವ ಕೆಲಸ ನನ್ನದು. ಯಾರೂ ಓದುವುದಿಲ್ಲ. ಆದರೂ ನಾನು ಪತ್ರಿಕೆಗೆ ಬರೆಯುವಷ್ಟೇ ಶಿಸ್ತಿನಿಂದ ಬರೆಯುತ್ತೇನೆ: ಯಾರು, ಎಲ್ಲಿ, ಎಷ್ಟು ಜನ, ಪಲ್ಯ ಯಾವುದು.

ಆ ತಿಂಗಳು ಗುರುರಾಜನ ಸರದಿ, ಜಾಗ ನಮ್ಮ ಮನೆ. ವಿಷಯ ನ್ಯೂಅರ್ಕಿನ ನಾಣ್ಯಗಳು. "ಬರೇ ಮಾತಾಡಿದ್ರ ಮಂದಿ ನಿದ್ದಿ ಮಾಡ್ತಾರ್ರೀ ಸಂಪಾದಕರ," ಎಂದು ಫೋನು ಮಾಡಿದ. ನಾನು ಸಂಪಾದಕನಲ್ಲ, ಆದರೆ ಅವನನ್ನು ತಿದ್ದುವುದನ್ನು ಬಿಟ್ಟು ಬಹಳ ದಿನವಾಗಿತ್ತು. "ಅದಕ್ಕ ನಾನ ಇಪ್ಪತ್ನಾಕು ನಾಣ್ಯ ಮಾಡಿಸ್ತೀನಿ. ಮನಿಗೊಂದು. ನಾಣ್ಯ ತೋರಿಸಿದವ್ರಿಗಷ್ಟ ಊಟ. ಮಬೇಲಾಕ್ಕ ಮುತ್ತಿಗಿ ಬಿದ್ದದ ಅಂತ ತಿಳ್ಕೊಳ್ರಿ."

"ಯಾರು ಮುತ್ತಿಗೆ ಹಾಕಿರೋದು?"

"ರೋಡು ಅಗಿಯೋರು. ನಿಮ್ಮ ಮನಿ ಮುಂದ ಆರು ತಿಂಗಳಾತು, ಇನ್ನೂ ಮುಚ್ಚಿಲ್ಲ."

ಅದು ಸತ್ಯವಾಗಿತ್ತು.

ನಾಣ್ಯಕ್ಕೆ ಲೋಹ ಬೇಕಲ್ಲ. ಇಲ್ಲಿ ನಮ್ಮ ಜನರ ಒಂದು ಸಂಗತಿ ಹೇಳಬೇಕು. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಹೋದವರಿಗೆಲ್ಲ ಈಚೆಗೆ ಜರ್ಮನ್ ಸಿಲ್ವರ್ ತಟ್ಟೆ ಕೊಡುತ್ತಾರೆ. ಅದರಲ್ಲಿ ಜರ್ಮನಿಯೂ ಇಲ್ಲ, ಸಿಲ್ವರೂ ಇಲ್ಲ. ಊಟ ಮಾಡಲು ಆಗುವುದಿಲ್ಲ, ಎಸೆಯಲು ಮನಸ್ಸಾಗುವುದಿಲ್ಲ, ಇನ್ನೊಬ್ಬರಿಗೆ ದಾಟಿಸೋಣವೆಂದರೆ ಹಿಂದೆ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಸೊಹಾರಿನಲ್ಲಿ ಗುರುರಾಜನ ಮನೆಯ ಅಟ್ಟದ ಮೇಲೆ ಅಂಥವು ಒಂಬತ್ತು ಇದ್ದವು, ಹಳೆಯ ಪಂಚೆಯಲ್ಲಿ ಸುತ್ತಿ. ಸುಧಾ ತಂಗಿಯ ನಿಶ್ಚಿತಾರ್ಥಕ್ಕೆ ಹುಬ್ಬಳ್ಳಿಗೆ ಹೋಗಿದ್ದಳು. ನಮ್ಮ ಸಭೆಯಾದ ಮುಂದಿನ ಶುಕ್ರವಾರ ತನ್ನ ಅಮ್ಮ ಇಂದಿರಾಬಾಯಿಯವರನ್ನು ಒಂದು ತಿಂಗಳ ಮಟ್ಟಿಗೆ ಕರೆದುಕೊಂಡು ಬರುವವಳಿದ್ದಳು. ಮನೆ ಖಾಲಿ, ಅಟ್ಟ ಕೈಗೆಟಕುವಂತಿತ್ತು.

ಆ ಗಂಟಿನಲ್ಲಿ ಒಂದು ಅಸಲಿ ಬೆಳ್ಳಿಯ ತಟ್ಟೆಯೂ ಇದೆ ಎನ್ನುವುದು ಗುರುರಾಜನಿಗೆ ಗೊತ್ತಿರಲಿಲ್ಲ. ಸುಧಾ ಕಳ್ಳರ ಭಯಕ್ಕೆ ಬೆಳ್ಳಿಯದನ್ನು ನಕಲಿಗಳ ಮಧ್ಯೆ ಸೇರಿಸಿಟ್ಟಿದ್ದಳು. ಮನೆಗೆ ನುಗ್ಗಿದವನು ಎಲ್ಲವನ್ನೂ ನೋಡಿ ಬೇಸರಪಟ್ಟು ಹೋಗಲಿ ಎಂದು. ಗಂಡನಿಗೆ ಹೇಳಿರಲಿಲ್ಲ. "ಹೇಳಿದ್ರ ಫೋಟೋ ತಗದು ಗ್ರೂಪಿಗೆ ಹಾಕ್ತಾರ" ಎಂಬುದು ಆಮೇಲೆ ಅವಳು ಕೊಟ್ಟ ಕಾರಣ. ಕಾರಣ ಬಲವಾಗಿತ್ತು.

ಆದರೂ ಗುರುರಾಜ ಎಚ್ಚರ ತಪ್ಪಿದವನಲ್ಲ. ಗಂಟು ಬಿಚ್ಚಿದಾಗ ಒಂದು ತಟ್ಟೆ ಫಳಫಳ ಹೊಳೆಯುತ್ತಿತ್ತು. ಅಗಲವಾಗಿತ್ತು, ಅಂಚು ಎತ್ತರವಾಗಿತ್ತು, ಅಂಚಿನಲ್ಲಿ ಒಂದು ಕಡೆ ಒಳಕ್ಕೆ ನೆಗ್ಗಿತ್ತು. ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಹದಿನೆಂಟು ವರ್ಷದ ಹಿಂದೆ ಮದುವೆಯಲ್ಲಿ ಅತ್ತೆ ಮಾವ ಅವನ ಕಾಲು ತೊಳೆದ ಬೆಳ್ಳಿ ತಟ್ಟೆ ಇದೇ. ನೆಗ್ಗಿದ ಜಾಗ ಅವತ್ತು ಅವನ ಬಲ ಹೆಬ್ಬೆರಳಿಗೆ ತಾಗಿತ್ತು. ಸುಧಾಳ ತವರಿನಲ್ಲಿ ಒಂದು ಪದ್ಧತಿಯಿದೆ: ಅಳಿಯಂದಿರ ಕಾಲು ತೊಳೆಯುವ ಆ ತಟ್ಟೆ ಕೊನೆಗೆ ಮದುವೆಯಾದ ಮಗಳ ಮನೆಯಲ್ಲಿರುತ್ತದೆ, ಮುಂದಿನ ಮಗಳ ಮದುವೆಗೆ ಮರಳಿ ಬರುತ್ತದೆ. ಈಗ ಕಿರಿಯ ತಂಗಿ ಸುಜಾತಾಳ ಮದುವೆ. ಇಂದಿರಾಬಾಯಿ ಮಸ್ಕತ್ ನೋಡಲು ಬರುವುದು ಹೌದು, ಹೋಗುವಾಗ ತಟ್ಟೆ ತೆಗೆದುಕೊಂಡು ಹೋಗುವುದಕ್ಕೂ ಹೌದು.

ಗುರುರಾಜ ಆ ಹೊಳೆಯುವ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ಬೇರೆ ಇಟ್ಟ. ಮಿಕ್ಕವುಗಳಲ್ಲಿ ಅತಿ ಕಪ್ಪಾದ, ಅತಿ ದರಿದ್ರವಾಗಿ ಕಂಡ ಒಂದನ್ನು ಆರಿಸಿದ. ಅದರ ಹಿಂದೆ ಅತ್ತೆಯ ಹೆಸರಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಇಂದಿರಾಬಾಯಿ ತಮ್ಮ ಮನೆಯಿಂದ ಹೊರಗೆ ಹೋಗುವ ಚಮಚಕ್ಕೂ ಹೆಸರು ಕೊರೆಸುವವರು.

ಕತ್ತರಿಸಿದ್ದು ನಮ್ಮ ಮಬೇಲಾದ ವರ್ಕ್‌ಶಾಪೊಂದರಲ್ಲಿ. ಉಸ್ತಾದ್ ರಫೀಕ್ ಎಂಬ ಮುಲ್ತಾನಿನ ಮನುಷ್ಯ ತಟ್ಟೆಯನ್ನು ಕೈಯಲ್ಲಿ ತೂಗಿ, ಉಗುರಿನಿಂದ ಗೀರಿ, "ಸಾಬ್, ಯೇ ತೋ ಬಹುತ್ ನರಮ್ ಹೈ," ತುಂಬಾ ಮೆತ್ತಗಿದೆ, ಎಂದನಂತೆ. ಲೋಹಶಾಸ್ತ್ರಜ್ಞ ನಕ್ಕು, "ಕಾಟೋ ಭಾಯಿ, ಜರ್ಮನ್ ಹೈ," ಕತ್ತರಿಸಪ್ಪ, ಜರ್ಮನ್ನು, ಎಂದ. ರಫೀಕ್ ಯಂತ್ರ ಚಾಲೂ ಮಾಡಿದ. ಇಪ್ಪತ್ತನಾಲ್ಕು ಬಿಲ್ಲೆಗಳಾದವು. ವರ್ಕ್‌ಶಾಪಿನ ಅಕ್ಷರದ ಅಚ್ಚುಗಳಿಂದ ಒಂದು ಬದಿಗೆ ಮಬೇಲಾ ಎಂದೂ, ಅದರ ಮೇಲೆ ಕಿರೀಟದ ಬದಲು ಕಾಫಿ ಲೋಟದಂಥ ಏನೋ ಒಂದನ್ನೂ ಒತ್ತಿಸಿದ. ಹಳೆಯ ಹೂವಿನ ಬಳ್ಳಿ, ಹೆಸರಿನ ಚುಕ್ಕಿಗಳು ಹಾಗೇ ಇರಲಿ ಎಂದ, ನ್ಯೂಅರ್ಕಿನ ನಾಣ್ಯದ ಹಾಗೆ.

ಬಿಲ್ಲೆಗಳನ್ನು ಗುರುರಾಜ ಮುಂಚೆಯೇ ಮನೆಮನೆಗೆ ತಲುಪಿಸಿದ್ದ. ಆ ಶುಕ್ರವಾರ ಭಾಷಣ ಚೆನ್ನಾಗಿ ಆಯಿತು. ಬಿಲ್ಲೆ ತೋರಿಸಿ ಎಲ್ಲರೂ ಬಿಸಿಬೇಳೆಬಾತ್ ತಿಂದರು. ಬಿಲ್ಲೆ ಮರೆತು ಕಾರಿನಲ್ಲೇ ಬಿಟ್ಟು ಬಂದಿದ್ದ ಮಂಗಳೂರಿನ ಶೆಟ್ಟರನ್ನು ಗುರುರಾಜ ನಿಜವಾಗಿಯೂ ಸಾಲಿನಿಂದ ಹೊರಗೆ ಕಳಿಸಿದ. "ಎಂಥ ಮಾರಾಯ್ರೇ, ನಾನು ತಂದ ನೀರ್‌ದೋಸೆ ಒಳಗುಂಟು, ನಾನು ಹೊರಗೆ!" ಎಂದು ಶೆಟ್ಟರು ಬಿಸಿಲಲ್ಲಿ ಕಾರಿನ ತನಕ ಹೋಗಿ ಬಂದರು. ಮಕ್ಕಳು ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಒಂದು ಬಿಲ್ಲೆಗೆ ಎಷ್ಟು ಜಾಮೂನು ಎಂದು ವ್ಯವಹಾರ ಕುದುರಿಸಿದರು. ನಮ್ಮ ಊಟದ ಮೇಜು ಎಂದಿನಂತೆ ಕುಂಟಿತು, ಸಾರು ಚೆಲ್ಲಿತು. ನನ್ನ ಹೆಂಡತಿ ವಾಣಿ, "ಇನ್ನೊಂದು ಸಲ ಜನ ಬರೋದರೊಳಗೆ ಈ ಕಾಲಿಗೊಂದು ಗತಿ ಕಾಣಿಸಿ" ಎಂದಳು. ನಾನು ಆಗಲಿ ಎಂದೆ. ನಾಲ್ಕು ವರ್ಷದಿಂದ ಹಾಗೇ ಅನ್ನುತ್ತಿದ್ದೇನೆ.

ಸಂಜೆ ವರದಿ ಬರೆದೆ. "ಜರ್ಮನ್ ಸಿಲ್ವರಿನಿಂದ ಮಾಡಿದ ಇಪ್ಪತ್ತನಾಲ್ಕು ಬಿಲ್ಲೆಗಳನ್ನು ಹಂಚಲಾಯಿತು" ಎಂದು ನಮೂದಿಸಿ, ನನ್ನ ಪಾಲಿಗೆ ಬಂದ ಬಿಲ್ಲೆಯದೊಂದು ಹತ್ತಿರದ ಫೋಟೋ ಹಾಕಿದೆ. ಡೆಸ್ಕಿಗೆ ಸೇರಿದ ಹೊಸತರಲ್ಲಿ ನನಗೆ ಕಲಿಸಿದ ಮೊದಲ ಪಾಠ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕೊಡಬೇಡ ಎಂಬುದು. ಲೋಹದ ಬಗ್ಗೆ ಲೋಹಶಾಸ್ತ್ರಜ್ಞ ಹೇಳಿದ ಮೇಲೆ ಇನ್ನಾರನ್ನು ಕೇಳುವುದು? ಕೇಳಬೇಕಾಗಿದ್ದದ್ದು ರಫೀಕನನ್ನು.

ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಸುಧಾ ಫೋನು ಮಾಡಿದಳು. ಗಂಡನಿಗಲ್ಲ, ನನಗೆ. ನನ್ನ ವರದಿಯನ್ನು ಓದುವವರು ಒಬ್ಬರಾದರೂ ಇದ್ದಾರೆ ಎಂದು ಒಂದು ಕ್ಷಣ ಖುಷಿಯಾಯಿತು.

"ಅಣ್ಣಾರ, ಆ ಫೋಟೋದಾಗ ಅರ್ಧ ಮಲ್ಲಿಗಿ ಮೊಗ್ಗು ಅದ, ಬಾಜೂಕ ಚುಕ್ಕಿಲೇ 'ರಾ' ಅಂತ ಅದ. ಹೌದಲ್ಲ?"

ನಾನು ಬಿಲ್ಲೆ ತಿರುಗಿಸಿ ನೋಡಿದೆ. "ಹೌದು."

"ಅದು ಜರ್ಮನ್ ಅಂತ ನಿಮಗ ಯಾರು ಹೇಳಿದ್ರು?"

"ಗುರುರಾಜ."

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ತಗ್ಗಿದ ದನಿಯಲ್ಲಿ, "ಅವ್ವ ಇಲ್ಲೇ ಅಡಿಗಿ ಮನ್ಯಾಗ ಇದ್ದಾಳ. ಆ ತಾಟಿಗೆ ಮಲ್ಲಿಗಿ ಹೂವಿನ ಕಸೂತಿದು ಒಂದು ಚೀಲ ಹೊಲಿಯೋಣ ಅಂತ ಈಗ ಅನ್ಲಿಕತ್ತಿದ್ಲು" ಎಂದಳು.

ನನ್ನ ವೃತ್ತಿಜೀವನದಲ್ಲಿ ಅನೇಕ ತಿದ್ದುಪಡಿಗಳನ್ನು ಹಾಕಿದ್ದೇನೆ. ಸತ್ತವರು ಬದುಕಿದ್ದಾರೆ ಎಂದೂ ಹಾಕಿದ್ದೇನೆ. ಆದರೆ ಒಂದೇ ಪದವನ್ನು ತೆಗೆದುಹಾಕುವ ತಿದ್ದುಪಡಿ ಇಷ್ಟು ಭಾರವಾಗಿ ಎಂದೂ ಕಂಡಿರಲಿಲ್ಲ.

ಗುರುರಾಜ ಮೊದಲು ನಂಬಲಿಲ್ಲ. "ಸಾಧ್ಯನ ಇಲ್ರಿ. ನನ್ನ ಕಾಲು ತೊಳದ ತಾಟು ನಂಗ ಗುರ್ತಾಗೂದಿಲ್ಲ? ಇಲ್ಲೇ ಕಪಾಟಿನ್ಯಾಗ ಫಳಫಳ ಅನ್ಲಿಕತ್ತದ. ನೆಗ್ಗಿದ್ದು ಅದ. ನನ್ನ ಹೆಬ್ಬೊಟ್ಟು ಸಾಕ್ಷಿ ಅದ."

"ಬೆಳ್ಳಿ ಹದಿನೆಂಟು ವರ್ಷ ಪಂಚೆಯಲ್ಲಿದ್ದರೆ ಕಪ್ಪಾಗುವುದಿಲ್ಲವೇ?" ಎಂದೆ.

ಲೋಹಶಾಸ್ತ್ರಜ್ಞ ಫೋನಿಟ್ಟ. ಸಂಜೆ ಕೈಗೆ ಸಿಕ್ಕ ಒಂದು ಬಿಲ್ಲೆ ಹಿಡಿದುಕೊಂಡು ರೂವಿಯ ಅಕ್ಕಸಾಲಿಯ ಬಳಿ ಹೋದ. ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ ನೋಡಿ, "ಪುರಾನೀ ಚಾಂದಿ" ಎಂದ. ಹಳೆಯ, ಒಳ್ಳೆಯ ಬೆಳ್ಳಿ. ಮತ್ತೆ ತಟ್ಟೆ ಮಾಡಿಕೊಡುತ್ತೀರಾ ಎಂದರೆ, ಅಷ್ಟು ದೊಡ್ಡದು ಇಲ್ಲಿ ಆಗದು, ಊರಿಗೆ ಕಳಿಸಿ ಮಾಡಿಸಬೇಕು, ತಿಂಗಳುಗಳ ಕೆಲಸ ಎಂದ. ಕೈಯಲ್ಲಿ ಇದ್ದದ್ದು ಆರು ದಿನ. ಹೇಗಿದ್ದರೂ ಬಿಲ್ಲೆಗಳು ಮೊದಲು ವಾಪಸು ಬರಬೇಕಿತ್ತು. ತುಂಡಾದರೂ ಪೂರ್ತಿ ಇದೆ ಎಂದು ಅತ್ತೆಯ ಮುಂದೆ ಇಡಬಹುದಲ್ಲ. ಗುರುರಾಜನ ಬೇಡಿಕೆ ಈಗ ಅಷ್ಟೇ ಇತ್ತು.

ವಾಟ್ಸಾಪಿನಲ್ಲಿ ನಾನೇ ಬರೆದೆ: "ತಾಂತ್ರಿಕ ಕಾರಣಗಳಿಂದ ಬಿಲ್ಲೆಗಳನ್ನು ಹಿಂದಕ್ಕೆ ಪಡೆಯಲಾಗುತ್ತಿದೆ. ಸಹಕರಿಸಬೇಕಾಗಿ ವಿನಂತಿ." ಮುವ್ವತ್ತು ವರ್ಷ ಬೇರೆಯವರ ಪ್ರಕಟಣೆಗಳಲ್ಲಿ ಇಂಥ ವಾಕ್ಯ ಕಂಡಾಗಲೆಲ್ಲ ಫೋನು ಮಾಡಿ "ಯಾವ ಕಾರಣ?" ಎಂದು ಕೇಳಿದವನು ನಾನೇ.

ಭಾನುವಾರ ಮೂರು ಬಂದವು. ಸೋಮವಾರ ಒಂದೂ ಇಲ್ಲ. ಜನ ಬಿಡಲೊಲ್ಲರು. ಒಬ್ಬರು ತೂತು ಕೊರೆದು ಕೀ ಚೈನಿಗೆ ಹಾಕಿದ್ದರು. ರೂವಿಯ ಒಬ್ಬ ಮಹಿಳೆ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿಬಿಟ್ಟಿದ್ದರು. "ಪೂಜೆ ಆದ್ಮೇಲೆ ತೆಗೆಯೋದು ಹೇಗೆ ಹೇಳಿ?" ಎಂದು ನನ್ನನ್ನೇ ಕೇಳಿದರು. ಶೆಟ್ಟರಂತೂ, "ಊಟದ ದಿನ ಇದಿಲ್ಲ ಅಂತ ಹೊರಗೆ ಹಾಕಿದಿರಿ, ಈಗ ಇದೆ ಅಂತ ಕಿತ್ತುಕೊಳ್ಳುವುದಾ? ಕೊಡುವುದಿಲ್ಲ. ನಮ್ಮ ಶೋಕೇಸಿನಲ್ಲಿ ಒಳ್ಳೆ ಕಾಣ್ತದೆ" ಎಂದರು. ಮಂಗಳವಾರದ ಹೊತ್ತಿಗೆ ಲೆಕ್ಕ ಒಂಬತ್ತಕ್ಕೆ ನಿಂತಿತು. ಗುರುರಾಜ ಕಂಪನಿ ಬಸ್ಸಿನಲ್ಲಿ ಕೂತು ಫೋನಿನ ಮೇಲೆ ಫೋನು ಮಾಡುತ್ತಿದ್ದ. "ಸಂಪಾದಕರ, ನನ್ನ ಮದುವ್ಯಾಗ ಒಂದ ಒಂದು ಮಾತು ಅತ್ತಿ ನಂಗ ಹೇಳಿದ್ಲು. 'ಮಗಳನ್ನೂ ತಾಟನ್ನೂ ಜ್ವಾಕಿ ಮಾಡ್ರಿ' ಅಂತ."

ಬೆಳ್ಳಿ ಎಂದು ಹೇಳಿದರೆ ಯಾರೂ ಕೊಡುವುದಿಲ್ಲ ಎಂದು ನಾವಿಬ್ಬರೂ ಗಟ್ಟಿಯಾಗಿ ನಂಬಿದ್ದೆವು. ಬುಧವಾರ ಬೆಳಿಗ್ಗೆ ವಾಣಿ ನಮ್ಮಿಬ್ಬರನ್ನೂ ಕೇಳದೆ ಗುಂಪಿಗೆ ಎರಡು ಸಾಲು ಹಾಕಿದಳು: "ಅದು ಬೆಳ್ಳಿ. ಸುಧಾಳ ತಂಗಿ ಮದುವೆಗೆ ಅಳಿಯನ ಕಾಲು ತೊಳೆಯುವ ತಟ್ಟೆ. ಗುರುರಾಜ್ ತಿಳಿಯದೆ ಕತ್ತರಿಸಿದ್ದಾರೆ."

ಒಂದೂವರೆ ದಿನದಲ್ಲಿ ಎಲ್ಲ ಬಂದವು. ಬೆಳ್ಳಿ ಎಂದು ಗೊತ್ತಾದ ಮೇಲೆ ಇಟ್ಟುಕೊಂಡವರು ಎಂದು ಅನ್ನಿಸಿಕೊಳ್ಳಲು ಯಾರಿಗೂ ಇಷ್ಟವಿರಲಿಲ್ಲ. ಶೆಟ್ಟರು ರೂವಿಯಿಂದ ಸ್ವತಃ ಕಾರಿನಲ್ಲಿ ಬಂದು ಕೊಟ್ಟರು. "ಮೊದಲೇ ಹೇಳುವುದಲ್ವಾ? ನನ್ನ ಕಾಲು ಸ್ಟೀಲಿನ ಬೋಗುಣಿಯಲ್ಲಿ ತೊಳೆದದ್ದು, ನಾನು ಎಂಥ ಹೇಳಲಿಲ್ಲ." ಕುಂಕುಮ ಹಚ್ಚಿದ್ದು ಕುಂಕುಮ ಸಮೇತ ಬಂತು. ಗುರುವಾರ ರಫೀಕನ ಬಳಿ ಹೋದರೆ, ಅವನು ಕತ್ತರಿಸಿ ಉಳಿದ ಅಂಚು, ಚೂರು, ಪುಡಿ ಎಲ್ಲವನ್ನೂ ಹಾಲಿನಪುಡಿಯ ಡಬ್ಬಿಯಲ್ಲಿ ಹಾಕಿ ಎತ್ತಿಟ್ಟಿದ್ದ. "ಮಾಲೂಮ್ ಥಾ, ಸಾಬ್ ವಾಪಸ್ ಆಯೇಗಾ," ನೀವು ವಾಪಸು ಬರುತ್ತೀರೆಂದು ಗೊತ್ತಿತ್ತು, ಎಂದ. ಗುರುರಾಜ ಅವನ ಎರಡೂ ಕೈ ಹಿಡಿದುಕೊಂಡ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಹೇಳಿದೆನಲ್ಲ, ಮೆತ್ತಗಿದೆ ಅಂತ. ನೀವು ಎಂಜಿನಿಯರ್ ಸಾಬ್" ಎಂದ.

ಎಣಿಸಿದೆವು. ಇಪ್ಪತ್ತಮೂರು.

ಪಟ್ಟಿ ನನ್ನದು. ಒಂದೊಂದಾಗಿ ಗುರುತು ಹಾಕುತ್ತಾ ಬಂದೆ. ಉಳಿದದ್ದು ಒಂದೇ ಹೆಸರು, ನನ್ನದು. ಶನಿವಾರ ಸುಧಾಳ ಫೋನು ಬಂದಾಗ ಕೈಯಲ್ಲಿತ್ತು. ಆಮೇಲೆ ಎಲ್ಲಿಟ್ಟೆ ಎನ್ನುವುದು ಗೊತ್ತಿಲ್ಲ. ಜೇಬು, ಡ್ರಾಯರು, ಕಾರು, ಕಚೇರಿಯ ಮೇಜು, ಅಕ್ಕಿ ಡಬ್ಬಿ ಎಲ್ಲ ಹುಡುಕಿದೆ. ವಾಣಿ ಎರಡು ದಿನದಿಂದ ಗುಂಪಿನ ಮನೆಗಳಿಗೆಲ್ಲ ಫೋನು ಮಾಡುವುದರಲ್ಲಿದ್ದಳು. "ನಿಮ್ಮ ಬಿಲ್ಲೆ ನಾನೇನು ನೋಡಲಿ? ನೀವೇ ಪಟ್ಟಿ ಬರೆಯೋರು" ಎಂದಳು. ಇಪ್ಪತ್ತಮೂರು ಮನೆಯವರಿಗೆ ಸಹಕರಿಸಿ ಎಂದು ವಿನಂತಿಸಿದವನು ನಾನೇ ಸಹಕರಿಸದಂತಾಯಿತು.

ಶುಕ್ರವಾರ ವಿಮಾನ ಬೆಳಿಗ್ಗೆಯೇ ಬಂತು. ವಿಮಾನ ನಿಲ್ದಾಣದಿಂದ ಸೊಹಾರಿಗೆ ದೂರದ ದಾರಿ. ನಡುವೆ ನಮ್ಮ ಮನೆಯಲ್ಲಿ ತಿಂಡಿ ಎಂದು ಮೊದಲೇ ಗೊತ್ತಾಗಿತ್ತು. ಸುಧಾ ಅಮ್ಮನಿಗೆ ಏನೂ ಹೇಳಿರಲಿಲ್ಲ. ಗಂಡನಿಗೆ ಅವಳು ಹಾಕಿದ್ದ ಷರತ್ತು ಒಂದೇ: "ನೀವ ಕಡಿದೀರಿ, ನೀವ ಹೇಳ್ರಿ."

ಇಂದಿರಾಬಾಯಿ ಸಣ್ಣ ಆಕೃತಿ, ದೊಡ್ಡ ಕನ್ನಡಕ. ಕೈಕಾಲು ತೊಳೆದು, ನಮ್ಮ ಊಟದ ಮೇಜಿಗೆ ಕೂತು, ಉಪ್ಪಿಟ್ಟು ತಿಂದು, ಬಟ್ಟಲು ತುಂಬ ಚಹಾ ಕುಡಿದರು. ಒಂದು ಹನಿ ಚೆಲ್ಲಲಿಲ್ಲ. ಗುರುರಾಜ ಉಪ್ಪಿಟ್ಟು ಮುಟ್ಟಿರಲಿಲ್ಲ. ಕೊನೆಗೆ ಚೀಲದಿಂದ ಎರಡು ವಸ್ತು ತೆಗೆದು ಅವರ ಮುಂದೆ ಇಟ್ಟ: ಬಿಲ್ಲೆಗಳ ಡಬ್ಬಿ, ಮತ್ತು ಆ ಹೊಳೆಯುವ ತಟ್ಟೆ.

"ಅತ್ತಿ, ನಿಮ್ಮ ತಾಟು ಕಡದಬಿಟ್ಟೀನಿ."

ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಬಿಲ್ಲೆಗಳನ್ನು ಒಂದೊಂದೇ ತೆಗೆದು ಮೇಜಿನ ಮೇಲೆ ಹೊಂದಿಸತೊಡಗಿದರು. ಸೀರೆಯ ಸೆರಗಿನಿಂದ ಉಜ್ಜಿ, ತಿರುಗಿಸಿ, ಬಳ್ಳಿಗೆ ಬಳ್ಳಿ ಕೂಡಿಸಿ. ಸುಧಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಹತ್ತು ನಿಮಿಷ ಆಗಿರಬೇಕು. ನಾನು ಗಡಿಯಾರ ನೋಡಲಿಲ್ಲ, ಹಾಗಾಗಿ ಇದು ಅಂದಾಜು. ಹೆಸರು ಮೂಡಿತು: ಇಂದಿ, ಒಂದು ಖಾಲಿ ಜಾಗ, ಬಾಯಿ.

"ನಡುವ ಹಲ್ಲು ಹೋದಂಗ ಅದಲ್ಲ" ಎಂದರು.

"ಅದು ನನ್ನದು," ಎಂದೆ. "ಕಳೆದಿದೆ." ನನ್ನ ಬದುಕಿನ ಅತಿ ಚಿಕ್ಕ ಸುದ್ದಿ ಅದು.

ಗುರುರಾಜ ತಡೆಯಲಾರದೆ, "ಅತ್ತಿ, ನಾ ಬೇಕಂತ ಮಾಡ್ಲಿಲ್ರಿ. ನನ್ನ ಕಾಲು ತೊಳದದ್ದು ಇದು ಅಂತ ಇದನ್ನ ತಗದಿಟ್ಟಿದ್ದೆ. ಇಲ್ಲೆ ನೆಗ್ಗಿದ್ದು ಅದ, ಹೆಬ್ಬೊಟ್ಟಿಗೆ ಹತ್ತಿತ್ತು, ನಂಗ ಪಕ್ಕಾ ನೆನಪದ..." ಎಂದು ಶುರುಮಾಡಿದ.

"ಅವತ್ತ ನೀವು ತಾಟು ಎಲ್ಲಿ ನೋಡಿದ್ರಿ?" ಎಂದಳು ಸುಧಾ ತಿರುಗದೆಯೇ. "ನನ್ನ ನೋಡ್ಲಿಕತ್ತಿದ್ರಿ."

"ಸುಮ್ನಿರ ಸುಧಿ," ಎಂದರು ಇಂದಿರಾಬಾಯಿ. ಹೊಳೆಯುವ ತಟ್ಟೆಯನ್ನು ಹತ್ತಿರ ಎಳೆದುಕೊಂಡು ನೆಗ್ಗಿದ ಜಾಗದ ಮೇಲೆ ಬೆರಳಾಡಿಸಿದರು. "ಅಳಿಯಂದ್ರು ಬರೋಬ್ಬರಿ ಹೇಳ್ಲಿಕತ್ತಾರ. ತಿರುಗಿಸಿ ನೋಡ್ರಿ ಇದನ್ನ."

ಗುರುರಾಜ ತಿರುಗಿಸಿದ. ಹಿಂದೆ ಚುಕ್ಕಿ ಅಕ್ಷರದಲ್ಲಿ ಕಮಲಾಬಾಯಿ ಎಂದಿತ್ತು. ಒಂದು ವಾರ ಆ ತಟ್ಟೆಯನ್ನು ಸಾಕ್ಷಿಯಾಗಿ ಹಿಡಿದು ಓಡಾಡಿದ ಅವನೂ, ಎಲ್ಲವನ್ನೂ ಪರಿಶೀಲಿಸುವ ನಾನೂ, ಅದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

"ಕಮಲಾಬಾಯಿ ನಮ್ಮ ಬಾಜೂ ಮನಿಯಾಕಿ," ಎಂದರು. "ನಿಮ್ಮ ಲಗ್ನದ ದಿನ ಬೆಳ್ಳಿ ತಾಟು ಟ್ರಂಕಿನ್ಯಾಗ. ಟ್ರಂಕಿನ ಕೀಲಿ ಸಿಗವಲ್ತು. ಭಟ್ಟರು ಮುಹೂರ್ತ, ಮುಹೂರ್ತ ಅಂತ ಒದರ್ಲಿಕತ್ತಿದ್ರು. ಸುಧಿ ಅಪ್ಪ ನನ್ನ ಮ್ಯಾಲೆ ಕಣ್ಣು ತಗದಿದ್ರು. ನಾ ಹಿತ್ತಲದಿಂದ ಹೋಗಿ ಕಮಲಾಬಾಯಿ ಜರ್ಮನ್ ತಾಟು ಇಸಗೊಂಡು ಬಂದೆ. ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ಬೆಳ್ಳಿಗಿಂತ ಛಲೋ ಹೊಳೀತು. ಯಾರಿಗೂ ಗೊತ್ತಾಗ್ಲಿಲ್ಲ."

ಸುಧಾ ಈಗ ತಿರುಗಿದಳು. "ಅವ್ವಾ! ಮತ್ತ ಅದು ನಮ್ಮ ಮನ್ಯಾಗ ಹ್ಯಾಂಗ ಬಂತು?"

"ಆಕಿ ದಿನಾ ಕೇಳ್ಲಿಕತ್ತಿದ್ಲು, ತಾಟು ಎಲ್ಲೆ, ತಾಟು ಎಲ್ಲೆ ಅಂತ. ಕೊಡೋಣ ಅಂದ್ರ ಆಕಿ ಬಾಯಿ ದೊಡ್ಡದು, ಬೀಗರ ಮಂದಿಗೆಲ್ಲ ಹೇಳ್ತಾಳ. ಅದಕ್ಕ ನಿನ್ನ ಸಾಮಾನಿನಾಗ ಹಾಕಿ ಒಮಾನಿಗೆ ಕಳಿಸಿದೆ. ಕೀಲಿ ಸಿಕ್ಕಮ್ಯಾಲೆ ಬೆಳ್ಳೀದೂ ಕಳಿಸಿದೆ."

ಗುರುರಾಜ ನೆಗ್ಗಿದ ಜಾಗವನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ, "ಹಂಗಾದ್ರ ನನ್ನ ಹೆಬ್ಬೊಟ್ಟು ಖರೇನ ಹೇಳಿತ್ತು" ಎಂದ.

"ಅದೊಂದ ನೋಡ್ರಿ ಈ ಮನ್ಯಾಗ ಖರೆ ಹೇಳಿದ್ದು" ಎಂದರು ಅತ್ತೆ. ಹದಿನೆಂಟು ವರ್ಷದ ಮೇಲೆ ಮೊದಲ ಸಲ ನಕ್ಕಂತೆ ಸುಧಾ ನಕ್ಕಳು. ಗುರುರಾಜ ಉಪ್ಪಿಟ್ಟಿನ ತಟ್ಟೆ ಹತ್ತಿರ ಎಳೆದುಕೊಂಡ.

ಬಿಲ್ಲೆಗಳನ್ನು ಕರಗಿಸುವ ಮಾತು ಬಂತು. ಇಂದಿರಾಬಾಯಿ ಬೇಡವೆಂದರು. ಇಪ್ಪತ್ತಮೂರನ್ನೂ ತಟ್ಟೆಗೆಂದು ಹೊಲಿದು ತಂದಿದ್ದ ಮಲ್ಲಿಗೆ ಹೂವಿನ ಚೀಲಕ್ಕೆ ಹಾಕಿಕೊಂಡರು. ಚೀಲ 'ರಾ' ಇಲ್ಲದೆಯೂ ಭಾರವಾಗಿತ್ತು. ಒಂದು ತಿಂಗಳು ಸೊಹಾರಿನಲ್ಲಿದ್ದು, ಮುತ್ರಾ ಮಾರ್ಕೆಟ್ಟು ನೋಡಿ, ಸಮುದ್ರಕ್ಕೆ ಕಾಲು ಇಳಿಸಿ, ಚೀಲವನ್ನೂ ಕಮಲಾಬಾಯಿಯ ತಟ್ಟೆಯನ್ನೂ ತೆಗೆದುಕೊಂಡು ಹುಬ್ಬಳ್ಳಿಗೆ ಹೋದರು. ಹೋದ ಮರುವಾರ ನಮ್ಮ ಮನೆಯಲ್ಲಿ ತಿಂಗಳ ಮಾತು. ಅವತ್ತೂ ಸಾರು ಚೆಲ್ಲಲಿಲ್ಲ. ಆಗ ನನಗೆ ಹೊಳೆಯಿತು, ಮೇಜಿನ ಕೆಳಗೆ ಬಗ್ಗಿ ನೋಡಿದೆ. ವಾಣಿಯನ್ನು ಕೇಳಿದೆ. "ಗತಿ ಕಾಣಿಸಿ ಅಂದಿದ್ದೆನಲ್ಲ, ನೀವು ಕಾಣಿಸಲಿಲ್ಲ. ಆ ಶನಿವಾರ ಕನ್ನಡಕ ಹಾಕಿರಲಿಲ್ಲ, ಮೇಜಿನ ಮೇಲೆ ಯಾವುದೋ ತಗಡು ಬಿದ್ದಿತ್ತು, ಮಡಿಸಿದ ಪೇಪರಿನೊಳಗೆ ಸೇರಿಸಿ ಕೆಳಗೆ ಕೊಟ್ಟೆ" ಎಂದಳು. ಪೇಪರು ನಮ್ಮದೇ ಪತ್ರಿಕೆ. ತಕ್ಷಣ ಹುಬ್ಬಳ್ಳಿಗೆ ಫೋನು ಮಾಡಿದೆ.

"ಮೇಜು ಅಳ್ಳಾಡ್ತದೇನು?" ಎಂದು ಕೇಳಿದರು ಇಂದಿರಾಬಾಯಿ.

"ಇಲ್ಲ."

"ಹಂಗಾರ ಅಲ್ಲೇ ಇರ್ಲಿ ಬಿಡ್ರಿ."

ಸುಜಾತಾಳ ಮದುವೆ ಹುಬ್ಬಳ್ಳಿಯಲ್ಲಿ ಆಯಿತು. ಅಳಿಯನ ಕಾಲನ್ನು ಕಮಲಾಬಾಯಿಯವರ ಜರ್ಮನ್ ಸಿಲ್ವರ್ ತಟ್ಟೆಯಲ್ಲಿ ತೊಳೆದರು. ನೀರಿನ ತಳದಲ್ಲಿ ಇಪ್ಪತ್ತಮೂರು ಬಿಲ್ಲೆಗಳಿದ್ದವು. ಕಮಲಾಬಾಯಿ ಮೊದಲ ಸಾಲಿನಲ್ಲಿ ಕೂತಿದ್ದರು. ಇಪ್ಪತ್ತನಾಲ್ಕನೆಯದು ಮಬೇಲಾದಲ್ಲಿ, ಮೇಜಿನ ಎಡಗಡೆಯ ಹಿಂದಿನ ಕಾಲಿನ ಕೆಳಗೆ ಇದೆ.